ಕೆಳಗೆ ಎಂದರೆ ಯಾವ ಕಡೆಗೆ?

ಮಳೆಗಾಲ ಹಿಡಿಯಿತೆಂದರೆ ಮಂಡ್ಯ ಜಿಲ್ಲೆಯಲ್ಲಿ ದಿನಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹೋಗುವುದು ಜಲಾಶಯಗಳ ನೀರಿನ ಮಟ್ಟದ ಪಟ್ಟಿಗೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಅದರ ಜೊತೆಯಲ್ಲೇ ಕಬಿನಿ 2284 ಅಡಿ, ಹಾರಂಗಿ 2859 ಅಡಿ, ಹೇಮಾವತಿ 2922 ಅಡಿ. ನಾಲ್ಕೂ ಕಾವೇರಿ ಕೊಳ್ಳದ ಅಣೆಕಟ್ಟೆಗಳೇ, ನಾಲ್ಕಕ್ಕೂ ಅಡಿಯೇ ಅಳತೆ. ಆದರೂ ಒಂದು ನೂರರ ಲೆಕ್ಕದಲ್ಲಿದೆ, ಉಳಿದ ಮೂರು ಸಾವಿರದ ಲೆಕ್ಕದಲ್ಲಿವೆ. ಈ ಪಟ್ಟಿಯನ್ನು ಮೊದಲ ಸಲ ನೋಡುವ ಹೊರಗಿನವರು ಕೆಆರ್‌ಎಸ್ ಉಳಿದ ಮೂರಕ್ಕಿಂತ ಎಷ್ಟೋ ತಗ್ಗಿನಲ್ಲಿರಬೇಕು ಅಂದುಕೊಂಡರೆ ಅವರನ್ನು ದೂರುವಂತಿಲ್ಲ.

ಕೆಆರ್‌ಎಸ್‌ನ ಸೊನ್ನೆ ಇರುವುದು ಕನ್ನಂಬಾಡಿಯಲ್ಲೇ, ಕಟ್ಟೆಯ ಬುಡದ ನದಿ ಪಾತ್ರದ ಮಟ್ಟದಲ್ಲಿ. ಮಿಕ್ಕ ಮೂರರ ಸೊನ್ನೆ ಇರುವುದು ಸಮುದ್ರ ಮಟ್ಟದಲ್ಲಿ. ಕೆಆರ್‌ಎಸ್ ತುಂಬಿದಾಗ ಅದರ ನೀರಿನ ಮೈ ಸಮುದ್ರ ಮಟ್ಟದಿಂದ ಸುಮಾರು 752 ಮೀಟರ್ ಮೇಲಿರುತ್ತದೆ. ತುಂಬಿದ ಕಬಿನಿಯ ನೀರು ಸುಮಾರು 696 ಮೀಟರ್ ಮೇಲೆ. ಒಂದೇ ಸೊನ್ನೆಯಿಂದ ಎಣಿಸಿದರೆ ಕೆಆರ್‌ಎಸ್ ಕಬಿನಿಗಿಂತ ಐವತ್ತಕ್ಕೂ ಹೆಚ್ಚು ಮೀಟರ್ ಎತ್ತರದಲ್ಲಿದೆ. ಪಟ್ಟಿಯ ಅಂಕಿಗಳಲ್ಲಿ ಒಂದೂ ತಪ್ಪಿಲ್ಲ. ಎಲ್ಲಿಂದ ಎಣಿಸಿದ್ದು ಎಂಬುದನ್ನು ಮಾತ್ರ ಪಟ್ಟಿ ಹೇಳುವುದಿಲ್ಲ.

ಭೂಮಿಯ ಆಕಾರವನ್ನೂ ಅದರ ಗುರುತ್ವವನ್ನೂ ಅಳೆಯುವ ಜಿಯೋಡೆಸಿ ಎಂಬ ಶಾಸ್ತ್ರದಲ್ಲಿ ದಿನ ಬೆಳಗಾದರೆ ಎದುರಾಗುವ ಪ್ರಶ್ನೆ ಇದೇ. ಎತ್ತರಕ್ಕಾದರೆ ಒಂದು ಸೊನ್ನೆ ಗೊತ್ತಾದರೆ ಸಾಕು. ಗುರುತ್ವಕ್ಕೆ ಅಷ್ಟು ಸಾಲದು. ಅದು ಬರೀ ಪ್ರಮಾಣವಲ್ಲ, ಒಂದು ದಿಕ್ಕಿರುವ ಬಾಣ. ಪಿಯುಸಿ ಪುಸ್ತಕದ ಭಾಷೆಯಲ್ಲಿ ಸದಿಶ. ಬಾಣವನ್ನು ಅಂಕಿಯಲ್ಲಿ ಬರೆಯಬೇಕಾದರೆ ಮೂರು ಅಕ್ಷಗಳು ಬೇಕು. ಆ ಮೂರು ಯಾವ ಕಡೆಗೆ ಮುಖ ಮಾಡಿವೆ, ಯಾವುದು ಮೊದಲು, ಯಾವ ಕಡೆ ಹೋದರೆ ಧನ, ಯಾವ ಕಡೆ ಹೋದರೆ ಋಣ ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಗುರುತ್ವ ಯಾರ ಒಪ್ಪಂದಕ್ಕೂ ಕಾಯುವುದಿಲ್ಲ. ಅದನ್ನು ಬರೆದಿಡುವ ಅಂಕಿ ಮಾತ್ರ ಪೂರ್ತಿಯಾಗಿ ನಮ್ಮ ನಮ್ಮೊಳಗಿನ ಒಪ್ಪಂದದ ಮೇಲೆ ನಿಂತಿದೆ.

ಮಂಡ್ಯದಲ್ಲಿ ಮನೆ ಕಟ್ಟುವ ಕಡೆ ನಿಂತು ನೋಡಿ. ಮೇಸ್ತ್ರಿ ಗೋಡೆಯ ಮೂಲೆಯಲ್ಲಿ ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಗುಂಡು ತೂಗಾಡುವುದು ನಿಂತ ಮೇಲೆ ಆ ದಾರ ತೋರಿಸುವುದೇ ಆ ಜಾಗದ ಗುರುತ್ವದ ದಿಕ್ಕು. ಅದರ ಪ್ರಮಾಣ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 9.78 ಮೀಟರ್. ಶಾಲೆಯಲ್ಲಿ 9.8 ಎಂದು ಬಾಯಿಪಾಠ ಮಾಡಿಸುತ್ತಾರೆ. ಭೂಮಧ್ಯರೇಖೆಯಲ್ಲಿ ಸಮುದ್ರ ಮಟ್ಟದಲ್ಲಿ ಅದು 9.780ರಷ್ಟು, ಧ್ರುವಗಳಲ್ಲಿ 9.832ರಷ್ಟು. ಮಂಡ್ಯ ಭೂಮಧ್ಯರೇಖೆಗೆ ಹತ್ತಿರ, ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿದೆ. ಮೇಲಾಗಿ ಸಮುದ್ರ ಮಟ್ಟದಿಂದ ಸುಮಾರು 678 ಮೀಟರ್ ಎತ್ತರದಲ್ಲಿದೆ. ಹಾಗಾಗಿ 9.8ಕ್ಕಿಂತ ತುಸು ಕಡಿಮೆ.

ಈ ಬಾಣವನ್ನು ಈಗ ಅಂಕಿಯಲ್ಲಿ ಬರೆಯೋಣ. ಜಾಗ ಅಳೆಯುವ ಸರ್ವೆ ಎಂಜಿನಿಯರುಗಳು ಬಹುಮಟ್ಟಿಗೆ ಮೊದಲ ಅಕ್ಷವನ್ನು ಪೂರ್ವಕ್ಕೆ, ಎರಡನೆಯದನ್ನು ಉತ್ತರಕ್ಕೆ, ಮೂರನೆಯದನ್ನು ಮೇಲಕ್ಕೆ ಇಡುತ್ತಾರೆ. ಆ ಲೆಕ್ಕದಲ್ಲಿ ಮಂಡ್ಯದ ಗುರುತ್ವ (0, 0, −9.78). ಪೂರ್ವಕ್ಕೂ ಎಳೆತವಿಲ್ಲ, ಉತ್ತರಕ್ಕೂ ಇಲ್ಲ. ಇರುವುದೆಲ್ಲ ‘ಮೇಲೆ’ ಎಂಬುದರ ವಿರುದ್ಧಕ್ಕೆ. ಆದ್ದರಿಂದ ಋಣ ಚಿಹ್ನೆ. ವಿಮಾನ ಹಾರಿಸುವವರು, ಡ್ರೋನ್ ತಂತ್ರಾಂಶ ಬರೆಯುವವರು ಮೊದಲ ಅಕ್ಷವನ್ನು ಉತ್ತರಕ್ಕೆ, ಎರಡನೆಯದನ್ನು ಪೂರ್ವಕ್ಕೆ, ಮೂರನೆಯದನ್ನು ಕೆಳಕ್ಕೆ ಇಡುತ್ತಾರೆ. ಅವರ ಲೆಕ್ಕದಲ್ಲಿ ಅದೇ ಗುಂಡು, ಅದೇ ದಾರ (0, 0, +9.78) ಆಗುತ್ತದೆ. ಮಂಡ್ಯದ ಕಬ್ಬಿನ ಗದ್ದೆಯ ಮೇಲೆ ಔಷಧಿ ಸಿಂಪಡಿಸುವ ಡ್ರೋನಿನ ಒಳಗೆ ಮೂರನೆಯ ಅಂಕಿ ಹೆಚ್ಚುತ್ತಾ ಹೋದರೆ ಯಂತ್ರ ನೆಲಕ್ಕೆ ಇಳಿಯುತ್ತಿದೆ ಎಂದರ್ಥ.

ಎರಡರಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಉತ್ತರ ನಮ್ಮ ಊರುಗಳಲ್ಲೇ ಇದೆ. ಕೊಳವೆ ಬಾವಿ ಕೊರೆಸಿದವರು ಆರುನೂರು ಅಡಿ ಹೋಯಿತು ಎನ್ನುತ್ತಾರೆಯೇ ಹೊರತು ಮೈನಸ್ ಆರುನೂರು ಎನ್ನುವುದಿಲ್ಲ. ಅವರಿಗೆ ಕೆಳಗಿನ ಕಡೆಯೇ ಧನ. ಅದೇ ಮನೆಯವರು ತಾರಸಿ ಮೇಲೆ ನೀರಿನ ಟ್ಯಾಂಕ್ ಇಡುವಾಗ ಹನ್ನೆರಡು ಅಡಿ ಎತ್ತರ ಎನ್ನುತ್ತಾರೆ. ಆಗ ಮೇಲಿನ ಕಡೆ ಧನ. ಎರಡು ಮಾತೂ ತಪ್ಪಲ್ಲ. ಕ್ರಯಪತ್ರದ ಚಕ್ಕುಬಂದಿಯನ್ನೇ ನೋಡಿ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ನಾಲೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಹಳ್ಳ ಎಂಬ ಕ್ರಮದಲ್ಲಿ ಬರೆಯುವುದು ರೂಢಿ. ಪೂರ್ವ ಮೊದಲು ಎಂಬುದನ್ನು ಯಾವ ಪ್ರಕೃತಿ ನಿಯಮವೂ ಹೇಳಿಲ್ಲ. ಎಲ್ಲರೂ ಹಾಗೇ ಬರೆಯುವುದರಿಂದ ಓದುವವರಿಗೆ ಗೊಂದಲವಿಲ್ಲ, ಅಷ್ಟೇ.

ಆದರೆ ಕ್ರಮ ಬದಲಾಯಿಸುವಾಗ ಒಂದು ಅಪಾಯವಿದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳನ್ನು ಒಂದಕ್ಕೊಂದು ಲಂಬವಾಗಿ ಚಾಚಿದರೆ ಮೊದಲ, ಎರಡನೆಯ, ಮೂರನೆಯ ಅಕ್ಷ ಸಿಗುತ್ತದೆ. ಹೆಬ್ಬೆರಳು ಪೂರ್ವಕ್ಕೆ, ತೋರುಬೆರಳು ಉತ್ತರಕ್ಕೆ ಮಾಡಿದರೆ ನಡುಬೆರಳು ಆಕಾಶ ನೋಡುತ್ತದೆ. ಹೆಬ್ಬೆರಳು ಉತ್ತರಕ್ಕೆ, ತೋರುಬೆರಳು ಪೂರ್ವಕ್ಕೆ ಮಾಡಿದರೆ ನಡುಬೆರಳು ತಾನಾಗಿ ನೆಲ ನೋಡುತ್ತದೆ. ಎರಡೂ ಬಲಗೈ ವ್ಯವಸ್ಥೆಗಳೇ. ಆದರೆ ಜಿಯೋಡೆಸಿಯ ಹಳೆಯ ಪರಂಪರೆಯಲ್ಲಿ, ನಕ್ಷತ್ರ ನೋಡಿ ದಿಕ್ಕು ಅಳೆಯುವವರ ಲೆಕ್ಕದಲ್ಲಿ, ಉತ್ತರ–ಪೂರ್ವ–ಮೇಲೆ ಎಂಬ ಮೂರನೆಯ ಕ್ರಮವೊಂದಿದೆ. ದಿಗಂಶವನ್ನು ಉತ್ತರದಿಂದ ಪೂರ್ವದ ಕಡೆಗೆ ಎಣಿಸುವ ರೂಢಿಗೂ, ನೆತ್ತಿಯ ಕಡೆಗಿನ ಕೋನ ಅಳೆಯುವ ರೂಢಿಗೂ ಅದು ಹೊಂದುತ್ತದೆ. ಅದನ್ನು ಬಲಗೈಯಲ್ಲಿ ತೋರಿಸಲು ಬರುವುದಿಲ್ಲ, ಎಡಗೈ ಬೇಕು. ಇದು ಗೊತ್ತಿಲ್ಲದೆ ಹಳೆಯ ಪುಸ್ತಕದ ಸೂತ್ರವನ್ನು ಹೊಸ ತಂತ್ರಾಂಶಕ್ಕೆ ಹಾಗೇ ಎತ್ತಿ ಹಾಕಿದರೆ ತಿರುಗಬೇಕಾದ ಕೋನವೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತದೆ. ಈ ಶಾಸ್ತ್ರ ಕಲಿಯುವವರು ಸೂತ್ರ ಬಿಡಿಸುವ ಮೊದಲು ಯಾವ ಕೈ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಇಷ್ಟರವರೆಗೆ ಹೇಳಿದ್ದು ಆಯಾ ಊರಿನ ಅಕ್ಷಗಳ ಮಾತು. ಉಪಗ್ರಹಕ್ಕೆ ಮಂಡ್ಯವೂ ಒಂದೇ, ಮಾಸ್ಕೋವೂ ಒಂದೇ. ಅದಕ್ಕೆ ಇಡೀ ಭೂಮಿಗೆ ಒಂದೇ ಚೌಕಟ್ಟು ಬೇಕು. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಂಬ ವ್ಯವಸ್ಥೆಯಲ್ಲಿ ಮೂಲಬಿಂದು ಇರುವುದು ಭೂಮಿಯ ದ್ರವ್ಯಕೇಂದ್ರದಲ್ಲಿ. ಅಲ್ಲಿಂದ ಝಡ್ ಅಕ್ಷ ಉತ್ತರ ಧ್ರುವದ ಕಡೆಗೆ ಹೋಗುತ್ತದೆ. ಎಕ್ಸ್ ಅಕ್ಷ ಗ್ರೀನಿಚ್ ರೇಖಾಂಶ ಭೂಮಧ್ಯರೇಖೆಯನ್ನು ದಾಟುವ ಕಡೆ, ಆಫ್ರಿಕಾದ ಪಶ್ಚಿಮದ ಗಿನಿ ಕೊಲ್ಲಿಯಲ್ಲಿ ಹೊರಬರುತ್ತದೆ. ವೈ ಅಕ್ಷ 90 ಡಿಗ್ರಿ ಪೂರ್ವದಲ್ಲಿ, ಶ್ರೀಲಂಕಾ ಮತ್ತು ಸುಮಾತ್ರಗಳ ನಡುವಿನ ಹಿಂದೂ ಮಹಾಸಾಗರದಲ್ಲಿ ಹೊರಬರುತ್ತದೆ. ಈ ಚೌಕಟ್ಟಿನಲ್ಲಿ ಮಂಡ್ಯದ ಮೇಸ್ತ್ರಿಯ ಗುಂಡಿನ ಮೇಲಿನ ಗುರುತ್ವವನ್ನು ಬರೆದರೆ ಸುಮಾರು (−2.16, −9.30, −2.12) ಬರುತ್ತದೆ. ಮಂಡ್ಯ 77 ಡಿಗ್ರಿ ಪೂರ್ವದ ಹತ್ತಿರವಿರುವುದರಿಂದ ನಾವು ವೈ ಅಕ್ಷಕ್ಕೆ ತೀರಾ ಸಮೀಪದವರು. ಎಳೆತದ ಬಹುಪಾಲು ಎರಡನೆಯ ಅಂಕಿಗೆ ಹೋಗಿರುವುದು ಅದಕ್ಕೇ. ಮಳವಳ್ಳಿಗೆ ಹೋದರೆ ಇದೇ ಅಂಕಿಗಳು (−2.14, −9.31, −2.10) ಆಗುತ್ತವೆ. ಮೂರನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಎರಡು ಕಡೆಯೂ ಮತ್ತೆ 9.78. ಪಿಯುಸಿ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಬೇಕು. ಕ್ಯಾಲ್ಕುಲೇಟರ್ ಇದ್ದರೆ ಐದು ನಿಮಿಷದ ಕೆಲಸ.

ಮಂಡ್ಯಕ್ಕೂ ಮಳವಳ್ಳಿಗೂ ಅಂಕಿ ಯಾಕೆ ಬದಲಾಯಿತು ಎಂದರೆ, ಎರಡು ಊರಿನ ‘ಕೆಳಗೆ’ ಒಂದೇ ಅಲ್ಲ. ಭೂಮಿ ದುಂಡಗಿರುವುದರಿಂದ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಇಳಿಬಿಟ್ಟ ಮೂರು ದಾರಗಳು ಸಮಾನಾಂತರವಾಗಿರುವುದಿಲ್ಲ. ಡಿಗ್ರಿಯ ಅರವತ್ತನೇ ಒಂದು ಭಾಗ ಕಲೆ, ಕಲೆಯ ಅರವತ್ತನೇ ಒಂದು ಭಾಗ ವಿಕಲೆ. ಪಂಚಾಂಗ ನೋಡುವವರಿಗೆ ಇವು ಗೊತ್ತು. ಮಂಡ್ಯ–ಮದ್ದೂರಿನ ದಾರಗಳ ನಡುವೆ ಸುಮಾರು 9 ಕಲೆಯ ಕೋನವಿದೆ. ಮದ್ದೂರು ಮತ್ತು ಮಳವಳ್ಳಿ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ ಉತ್ತರ ದಕ್ಷಿಣವಾಗಿ ಇವೆ. ಅವುಗಳ ನಡುವೆ ಸುಮಾರು 12 ಕಲೆ. ನೆಲದ ಮೇಲೆ ಒಂದು ವಿಕಲೆ ಎಂದರೆ ಸುಮಾರು 31 ಮೀಟರ್.

ಇದು ಪುಸ್ತಕದ ಸೂಕ್ಷ್ಮ ಎಂದು ತಳ್ಳಿಹಾಕುವಂತಿಲ್ಲ. ಮಂಡ್ಯದಲ್ಲಿ ನಿಂತು ಅಲ್ಲಿಯ ಗುಂಡಿಗೆ ಲಂಬವಾಗಿ ಒಂದು ನೇರ ಸಮತಲ ಎಳೆದು, ಅದನ್ನು ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 17 ಕಿಲೋಮೀಟರ್ ದೂರದ ಮದ್ದೂರಿನವರೆಗೆ ಚಾಚಿದರೆ, ಅಲ್ಲಿ ಅದು ನಿಜವಾದ ನೀರ್ಮಟ್ಟಕ್ಕಿಂತ ಸುಮಾರು 23 ಮೀಟರ್ ಮೇಲೆ ಗಾಳಿಯಲ್ಲಿ ನಿಂತಿರುತ್ತದೆ. ಈಗ ವಿಶ್ವೇಶ್ವರಯ್ಯ ನಾಲೆಯನ್ನು ನೆನೆಯಿರಿ. ಮೊದಲು ಇರ್ವಿನ್ ನಾಲೆ ಎಂದು ಕರೆಸಿಕೊಂಡು, ಹುಲಿಕೆರೆಯ ಸುರಂಗ ಹಾದು, ಪಂಪು ಮೋಟರಿನ ಹಂಗಿಲ್ಲದೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ನೀರು ತಂದ ನಾಲೆ ಅದು. ಕಿಲೋಮೀಟರಿಗೆ ಅತಿ ಸಣ್ಣ ಇಳಿಜಾರು ಕೊಟ್ಟು ನೀರನ್ನು ನಡೆಸಿಕೊಂಡು ಹೋಗುವ ಕೆಲಸದಲ್ಲಿ 23 ಮೀಟರ್ ಎಂದರೆ ಎಲ್ಲವೂ ಮುಗಿದಂತೆ. ಲೆವೆಲ್ ಉಪಕರಣ ಹಿಡಿದ ಸರ್ವೆಯವರು ಇದನ್ನು ಸರಳ ಉಪಾಯದಿಂದ ಗೆದ್ದರು. ಉಪಕರಣವನ್ನು ಎರಡು ಅಳತೆಕೋಲುಗಳ ಸರಿಮಧ್ಯದಲ್ಲಿ ನಿಲ್ಲಿಸಿ ಹಿಂದಿನದನ್ನೂ ಮುಂದಿನದನ್ನೂ ಓದಿದರೆ ಭೂಮಿಯ ಬಾಗು ಎರಡು ಕಡೆಯೂ ಒಂದೇ ಸಮ ಸೇರಿಕೊಂಡು ಕಳೆದುಹೋಗುತ್ತದೆ. ಉಪಕರಣವನ್ನು ಪ್ರತಿ ಸಲ ಎತ್ತಿ ಮುಂದೆ ಇಟ್ಟು ರಸಮಟ್ಟದ ಗುಳ್ಳೆ ನಡುವೆ ತಂದಾಗ ಅವರು ಹೊಸ ಜಾಗದ ಹೊಸ ‘ಕೆಳಗೆ’ಯನ್ನು ಹಿಡಿಯುತ್ತಿದ್ದರು. ನಾಲೆಯ ಉದ್ದಕ್ಕೂ ಸರ್ವೆಯವರ ಅಕ್ಷ ತಿರುಗುತ್ತಲೇ ಹೋಗಿದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಿಬಿಡಬೇಕು. ಗುಂಡು ಭೂಮಿಯ ಕೇಂದ್ರವನ್ನು ತೋರಿಸುತ್ತದೆ ಎಂದು ಹಲವು ಪಾಠಗಳಲ್ಲಿ ಹೇಳಿಬಿಡುತ್ತಾರೆ. ತೋರಿಸುವುದಿಲ್ಲ. ಭೂಮಿ ತಿರುಗುತ್ತಿರುವುದರಿಂದ ನಡುವೆ ಉಬ್ಬಿದೆ. ಭೂಮಧ್ಯರೇಖೆಯ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ ಸುಮಾರು 21 ಕಿಲೋಮೀಟರ್ ಹೆಚ್ಚು. ಮಂಡ್ಯದ ದಾರವನ್ನು ನೆಲದೊಳಗೆ ಹಾಗೇ ಮುಂದುವರಿಸಿಕೊಂಡು ಹೋದರೆ ಅದು ಕೇಂದ್ರದಿಂದ ಸುಮಾರು 9 ಕಿಲೋಮೀಟರ್ ಆಚೆ ಹಾದುಹೋಗುತ್ತದೆ, ಭೂಮಿಯ ತಿರುಗಣೆ ಅಕ್ಷವನ್ನು ಕೇಂದ್ರಕ್ಕಿಂತ ದಕ್ಷಿಣದಲ್ಲಿ ಮುಟ್ಟುತ್ತದೆ. ಕೋನದಲ್ಲಿ ಹೇಳಿದರೆ ಐದು ಕಲೆಗೆ ಸ್ವಲ್ಪ ಕಡಿಮೆ ವ್ಯತ್ಯಾಸ. ಅಕ್ಷಾಂಶ ಎಂದು ಭೂಪಟದಲ್ಲಿ ನಾವು ಓದುವುದು ಕೇಂದ್ರದಿಂದ ಅಳೆದ ಕೋನವನ್ನಲ್ಲ, ಉಬ್ಬಿದ ಮೈಗೆ ಲಂಬವಾಗಿ ಎಳೆದ ರೇಖೆಯ ಕೋನವನ್ನು.

ಆ ಉಬ್ಬಿದ, ನುಣುಪಾದ ಲೆಕ್ಕದ ಮೈಯನ್ನು ಎಲಿಪ್ಸಾಯ್ಡ್ ಎನ್ನುತ್ತಾರೆ. ನಿಜವಾದ ಗುಂಡು ಅದಕ್ಕೂ ಪೂರ್ತಿ ವಿಧೇಯವಲ್ಲ. ಪಕ್ಕದಲ್ಲಿ ಬೆಟ್ಟವಿದ್ದರೆ ಆ ಕಡೆಗೆ, ನೆಲದಡಿ ಭಾರದ ಕಲ್ಲಿದ್ದರೆ ಅದರ ಕಡೆಗೆ ಕೆಲವು ವಿಕಲೆಯಷ್ಟು ವಾಲುತ್ತದೆ. ಈ ವಾಲನ್ನು ಕಂಡುಹಿಡಿದ ಕಥೆಯ ಒಂದು ಎಳೆ ಮಳವಳ್ಳಿಯಿಂದಲೇ ಹೊರಡುತ್ತದೆ.

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪು ಸುಲ್ತಾನನ ಸೇನೆಗೂ ಜನರಲ್ ಹ್ಯಾರಿಸ್‌ನ ಬ್ರಿಟಿಷ್ ಸೇನೆಗೂ ಯುದ್ಧವಾಯಿತು. ಟಿಪ್ಪು ಹಿಂದೆ ಸರಿದ. ಬ್ರಿಟಿಷರು ಸೋಸಲೆಯ ಬಳಿ ಕಾವೇರಿ ದಾಟಿ ಏಪ್ರಿಲ್ ಮೊದಲ ವಾರದಲ್ಲಿ ಶ್ರೀರಂಗಪಟ್ಟಣದ ಎದುರು ಬೀಡುಬಿಟ್ಟರು. ಆ ದಂಡಿನಲ್ಲಿ 33ನೇ ರೆಜಿಮೆಂಟಿನ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಸುಲ್ತಾನಪೇಟೆಯ ತೋಪಿನ ಮೇಲೆ ರಾತ್ರಿ ದಾಳಿಗೆ ಹೋದ ಜನರಲ್ ಬೇರ್ಡ್‌ನ ತುಕಡಿ ಕತ್ತಲಲ್ಲಿ ಹಿಂದಿರುಗುವಾಗ ದಾರಿ ತಪ್ಪಿತು. ನಾವು ದಿಕ್ಕು ತಪ್ಪಿ ಶತ್ರುಗಳ ಕಡೆಗೇ ನಡೆಯುತ್ತಿದ್ದೇವೆ ಎಂದು ಲ್ಯಾಂಬ್ಟನ್ ನಕ್ಷತ್ರ ನೋಡಿ ಎಚ್ಚರಿಸಿದ ಎಂದು ಅವನ ಸಂಗಾತಿಗಳು ಮುಂದೆ ನೆನೆದುಕೊಂಡಿದ್ದಾರೆ. ಬೇರ್ಡ್ ಮೊದಲು ಒಪ್ಪಲಿಲ್ಲ. ಆಮೇಲೆ ಬೆಳಕು ಹೊತ್ತಿಸಿ ದಿಕ್ಸೂಚಿ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ಸರಿಯಾಗಿತ್ತು.

ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮೆಕೆಂಜಿ ಎಂಬ ಇನ್ನೊಬ್ಬ ಅಧಿಕಾರಿ ಮೈಸೂರು ರಾಜ್ಯದ ನಕ್ಷೆ ತೆಗೆಯುವ ಕೆಲಸ ಹಿಡಿದರೆ, ಲ್ಯಾಂಬ್ಟನ್ ಅದಕ್ಕಿಂತ ದೊಡ್ಡ ಯೋಜನೆಯನ್ನು ಮುಂದಿಟ್ಟ. ತ್ರಿಕೋನಗಳ ಸರಪಳಿಯಿಂದ ಪರ್ಯಾಯ ದ್ವೀಪವನ್ನು ಅಳೆದು, ಭೂಮಿಯ ಆಕಾರವನ್ನೇ ಲೆಕ್ಕ ಹಾಕುವ ಯೋಜನೆ ಅದು. 1800ರಲ್ಲಿ ಬೆಂಗಳೂರಿನ ಬಳಿ ಅವನ ಮೊದಲ ಆಧಾರರೇಖೆ ಅಳತೆಯಾಯಿತು. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮಹಾ ತ್ರಿಕೋನಮಿತಿ ಸರ್ವೆಯ ಆಧಾರರೇಖೆ ಬಿತ್ತು. ಅಲ್ಲಿಂದ ತ್ರಿಕೋನಗಳು ಮೈಸೂರು ಸೀಮೆಯನ್ನು ಹಾದು ಮಂಗಳೂರಿನ ಕಡಲವರೆಗೆ ಬಂದವು.

ಅವನ ಕೆಲಸದಲ್ಲಿ ಎರಡು ಬಗೆಯ ಅಳತೆಗಳು ಕೂಡುತ್ತಿದ್ದವು. ನೆಲದ ಮೇಲಿನ ತ್ರಿಕೋನಗಳಿಂದ ಒಂದು ಜಾಗದ ಅಕ್ಷಾಂಶ ಲೆಕ್ಕಕ್ಕೆ ಬರುತ್ತಿತ್ತು. ನಕ್ಷತ್ರ ನೆತ್ತಿಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆದರೂ ಅಕ್ಷಾಂಶ ಬರುತ್ತಿತ್ತು. ಆದರೆ ನೆತ್ತಿ ಯಾವುದು ಎಂದು ಹೇಳುವುದು ಉಪಕರಣಕ್ಕೆ ಕಟ್ಟಿದ ಗುಂಡು. ಗುಂಡು ವಾಲಿದ್ದರೆ ನೆತ್ತಿಯೂ ವಾಲುತ್ತದೆ, ಅಕ್ಷಾಂಶವೂ ಕೆಡುತ್ತದೆ. ಲ್ಯಾಂಬ್ಟನ್‌ನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಸರಪಳಿಯನ್ನು ಉತ್ತರಕ್ಕೆ ಒಯ್ದಾಗ ಇದು ಕಣ್ಣಿಗೆ ಹೊಡೆಯಿತು. ಮಧ್ಯ ಭಾರತದ ಕಲ್ಯಾಣಪುರ ಮತ್ತು ಗಂಗೆಯ ಬಯಲಿನ ಕಲಿಯಾನ ಎಂಬ ಎರಡು ನೆಲೆಗಳ ನಡುವಿನ ಅಕ್ಷಾಂಶ ವ್ಯತ್ಯಾಸ ತ್ರಿಕೋನದ ಲೆಕ್ಕದಲ್ಲೊಂದು, ನಕ್ಷತ್ರದ ಲೆಕ್ಕದಲ್ಲೊಂದು ಬಂತು. ಅಂತರ 5.236 ವಿಕಲೆ, ನೆಲದ ಮೇಲೆ ಸುಮಾರು 160 ಮೀಟರ್. ಕಲ್ಕತ್ತದ ಆರ್ಚ್‌ಡೀಕನ್ ಜಾನ್ ಪ್ರ್ಯಾಟ್ ಹಿಮಾಲಯದ ಎಳೆತವೇ ಕಾರಣವಿರಬೇಕೆಂದು ಕೂತು ಲೆಕ್ಕ ಹಾಕಿದ. ಬಂದ ಉತ್ತರ 15.885 ವಿಕಲೆ. ಹಿಮಾಲಯ ಎಳೆಯಬೇಕಾದದ್ದರ ಮೂರನೇ ಒಂದರಷ್ಟು ಮಾತ್ರ ಎಳೆದಿತ್ತು. 1855ರಲ್ಲಿ ಇದನ್ನು ಕಂಡ ಖಗೋಳವಿಜ್ಞಾನಿ ಜಾರ್ಜ್ ಏರಿ, ಪರ್ವತಗಳಿಗೆ ನೆಲದಡಿ ಹಗುರ ಕಲ್ಲಿನ ಆಳವಾದ ಬೇರುಗಳಿವೆ ಎಂದ. ಭೂಮಿಯ ಹೊರಪದರ ತೇಲುತ್ತಾ ಸಮತೋಲದಲ್ಲಿದೆ ಎಂಬ ಇಂದಿನ ತಿಳಿವಳಿಕೆ ಹುಟ್ಟಿದ್ದು ಹೀಗೆ, ಗುಂಡಿನ ದಾರದ ಐದು ವಿಕಲೆಯ ಲೆಕ್ಕದಿಂದ. ನನ್ನ ಮಟ್ಟಿಗೆ ಭಾರತದ ನೆಲದಲ್ಲಿ ಹುಟ್ಟಿದ ವಿಜ್ಞಾನದ ದೊಡ್ಡ ಕಥೆಗಳಲ್ಲಿ ಇದೂ ಒಂದು. ನಮ್ಮ ಪಠ್ಯಗಳಲ್ಲಿ ಇದಕ್ಕೆ ಒಂದು ಪುಟವಾದರೂ ಇರಬೇಕಿತ್ತು.

ಈ ವಾಲಿಗೂ ಚಿಹ್ನೆಯ ಒಪ್ಪಂದವಿದೆ. ಗುಂಡು ತೋರಿಸುವ ನೆತ್ತಿ ಎಲಿಪ್ಸಾಯ್ಡ್‌ನ ನೆತ್ತಿಗಿಂತ ಉತ್ತರಕ್ಕಿದ್ದರೆ ಧನ, ಪೂರ್ವಕ್ಕಿದ್ದರೂ ಧನ. ನೆತ್ತಿ ಉತ್ತರಕ್ಕೆ ಸರಿದಿದೆ ಎಂದರೆ ದಾರದ ಕೆಳತುದಿ ದಕ್ಷಿಣಕ್ಕೆ ಸರಿದಿದೆ ಎಂದಾಯಿತು. ಆದ್ದರಿಂದ ಹಿಮಾಲಯ ಗುಂಡನ್ನು ಉತ್ತರಕ್ಕೆ ಎಳೆದಾಗ ಲೆಕ್ಕದಲ್ಲಿ ಬೀಳುವುದು ಋಣ ಚಿಹ್ನೆ. ದಾರದ ಯಾವ ತುದಿಯ ಮಾತು ಎಂಬುದನ್ನು ಗಮನಿಸದೆ ಓದಿದವರಿಗೆ ಬೆಟ್ಟ ಗುಂಡನ್ನು ದೂರ ತಳ್ಳುತ್ತಿರುವಂತೆ ಕಾಣುತ್ತದೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ ಇನ್ನೊಂದು ಚಿಹ್ನೆಯ ಪ್ರಶ್ನೆಯನ್ನು ಕಣ್ಣೆದುರು ಇಡುತ್ತದೆ. ಗಗನಚುಕ್ಕಿ ಜಲಪಾತದ ಪಕ್ಕದ ಬ್ಲಫ್ ಎಂಬಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯಲ್ಲಿ ಹರಿಯಿತು. ಒಂದು ಕಿಲೋಗ್ರಾಂ ನೀರು ಒಂದು ಮೀಟರ್ ಇಳಿದರೆ 9.78 ಜೌಲ್ ಶಕ್ತಿ ಬಿಟ್ಟುಕೊಡುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಇದನ್ನು ವಿಭವ ಕಡಿಮೆಯಾಯಿತು ಎನ್ನುತ್ತಾರೆ: ಮೇಲೆ ಹೆಚ್ಚು, ಕೆಳಗೆ ಕಡಿಮೆ, ಗುರುತ್ವ ವಿಭವ ಇಳಿಯುವ ದಿಕ್ಕಿಗೆ ಎಳೆಯುತ್ತದೆ. ಜಿಯೋಡೆಸಿಯಲ್ಲಿ ಇದು ತಿರುವುಮುರುವು. ಅಲ್ಲಿ ವಿಭವವನ್ನು ಧನ ಅಂಕಿಯಾಗಿ ಬರೆಯುತ್ತಾರೆ, ಭೂಮಿಗೆ ಹತ್ತಿರ ಹೋದಷ್ಟೂ ಅದು ಹೆಚ್ಚುತ್ತದೆ, ಗುರುತ್ವ ವಿಭವ ಏರುವ ದಿಕ್ಕಿಗೆ ಎಳೆಯುತ್ತದೆ. ಸಮುದ್ರ ಮಟ್ಟದ ವಿಭವಕ್ಕೆ ಅಂತರರಾಷ್ಟ್ರೀಯ ಜಿಯೋಡೆಸಿ ಸಂಘ 2015ರಲ್ಲಿ ಒಪ್ಪಿಕೊಂಡ ಬೆಲೆ ಸೆಕೆಂಡ್ ವರ್ಗಕ್ಕೆ 6,26,36,853.4 ಮೀಟರ್ ವರ್ಗ. ಗಗನಚುಕ್ಕಿಯ ತಲೆಯಲ್ಲಿ ಅದಕ್ಕಿಂತ ಕಡಿಮೆ, ಬುಡಕ್ಕೆ ಬಂದಂತೆ ಹೆಚ್ಚು. ಹೀಗಾದರೆ ಎತ್ತರ ಹೋದಷ್ಟೂ ಅಂಕಿ ಇಳಿಯುತ್ತದಲ್ಲ ಎಂಬ ತೊಡಕಿಗೆ ಅವರೇ ಪರಿಹಾರವನ್ನೂ ಮಾಡಿಕೊಂಡಿದ್ದಾರೆ. ಸಮುದ್ರ ಮಟ್ಟದ ಬೆಲೆಯಿಂದ ಆ ಜಾಗದ ಬೆಲೆಯನ್ನು ಕಳೆದರೆ ಬರುವ ಸಂಖ್ಯೆ ಎತ್ತರದ ಜೊತೆ ಏರುತ್ತದೆ. ಬೀಳುವ ನೀರಿಗೆ ಇದ್ಯಾವುದರಿಂದಲೂ ವ್ಯತ್ಯಾಸವಿಲ್ಲ. ಆದರೆ ಭೌತವಿಜ್ಞಾನದಿಂದ ಜಿಯೋಡೆಸಿಗೆ ಹೋದ ವಿದ್ಯಾರ್ಥಿ ಮೊದಲು ಎಡವುವುದು ಇಲ್ಲೇ.

ಈಗ ಕೈಯಲ್ಲಿರುವ ಮೊಬೈಲಿಗೆ ಬರೋಣ, ಯಾಕೆಂದರೆ ಈ ಒಪ್ಪಂದಗಳೆಲ್ಲ ಅದರೊಳಗೆ ಕೂತಿವೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಸೆನ್ಸರ್ ತೋರಿಸುವ ಆ್ಯಪ್ ತೆರೆಯಿರಿ. ಆಂಡ್ರಾಯ್ಡ್ ಫೋನ್ ಮತ್ತು ಐಫೋನ್ ಎರಡರಲ್ಲೂ ಮೂರನೆಯ ಅಕ್ಷ ಪರದೆಯಿಂದ ಹೊರಕ್ಕೆ, ನಿಮ್ಮ ಮುಖದ ಕಡೆಗಿದೆ. ಆಂಡ್ರಾಯ್ಡ್ ಅಲ್ಲಿ +9.8ರ ಆಸುಪಾಸು ತೋರಿಸುತ್ತದೆ. ಐಫೋನಿನ ಮೂಲ ಲೆಕ್ಕ −1 ಎನ್ನುತ್ತದೆ. ಒಂದರಲ್ಲಿ ಅಳತೆ ಮೀಟರಿನಲ್ಲಿದೆ, ಇನ್ನೊಂದರಲ್ಲಿ ಗುರುತ್ವದ ಪಟ್ಟಿನಲ್ಲಿದೆ. ಅದು ದೊಡ್ಡ ವಿಷಯವಲ್ಲ. ಚಿಹ್ನೆಯೇ ಬೇರೆ. ಆಂಡ್ರಾಯ್ಡ್ ಹೇಳುವುದು ಮೇಜು ಫೋನನ್ನು ಮೇಲಕ್ಕೆ ಒತ್ತುವ ಬಲದ ದಿಕ್ಕನ್ನು, ಐಫೋನ್ ಹೇಳುವುದು ಭೂಮಿ ಕೆಳಕ್ಕೆ ಎಳೆಯುವ ದಿಕ್ಕನ್ನು. ಎರಡಕ್ಕೂ ಒಂದೇ ಆ್ಯಪ್ ಬರೆಯುವ ನಮ್ಮ ಹುಡುಗ ಹುಡುಗಿಯರು ಇದನ್ನು ನೆನಪಿಡದಿದ್ದರೆ ಒಂದರಲ್ಲಿ ಸರಿಯಾಗಿ ಓಡುವ ಆಟ ಇನ್ನೊಂದರಲ್ಲಿ ತಲೆಕೆಳಗಾಗುತ್ತದೆ.

ಎತ್ತರದ ವಿಷಯದಲ್ಲಿ ಮಂಡ್ಯದವರಿಗೆ ಇನ್ನೂ ದೊಡ್ಡ ಅಂತರ ಕಾಣುತ್ತದೆ. ಜಿಪಿಎಸ್ ನೇರವಾಗಿ ಲೆಕ್ಕ ಹಾಕುವುದು ಎಲಿಪ್ಸಾಯ್ಡ್‌ನಿಂದ ಎತ್ತರವನ್ನು. ಭಾರತದ ಸಮುದ್ರ ಮಟ್ಟವೆಂಬುದು ಕಾರವಾರವೂ ಸೇರಿದಂತೆ ಒಂಬತ್ತು ಬಂದರುಗಳ ಉಬ್ಬರವಿಳಿತ ನೋಡಿ ಗೊತ್ತುಮಾಡಿ, 1909ರಲ್ಲಿ ದೇಶದ ಮಟ್ಟದ ಜಾಲಕ್ಕೆ ಆಧಾರವಾದದ್ದು. ಗುಂಡಿನ ದಾರಕ್ಕೆ ಎಲ್ಲೆಲ್ಲೂ ಲಂಬವಾಗಿ, ಸಮುದ್ರ ಮಟ್ಟದಲ್ಲಿ ಇಡೀ ಭೂಮಿಯನ್ನು ಸುತ್ತುವ ಮೈಗೆ ಜಿಯಾಯ್ಡ್ ಎಂದು ಹೆಸರು. ದಕ್ಷಿಣ ಕರ್ನಾಟಕದಲ್ಲಿ ಈ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ 85ರಿಂದ 90 ಮೀಟರ್ ಕೆಳಗಿದೆ. ಲೆಕ್ಕದಲ್ಲಿ ಇದನ್ನು ಋಣ ಸಂಖ್ಯೆಯಾಗಿ ಬರೆಯುತ್ತಾರೆ. ಹಾಗಾಗಿ ಸಮುದ್ರ ಮಟ್ಟದಿಂದ 678 ಮೀಟರ್ ಇರುವ ಮಂಡ್ಯವನ್ನು ಜಿಪಿಎಸ್‌ನ ಹಸಿ ಲೆಕ್ಕ ಸುಮಾರು 590 ಎಂದು ತೋರಿಸುತ್ತದೆ. ಆಂಡ್ರಾಯ್ಡ್ ಬಹುಕಾಲದಿಂದ ಕೊಡುತ್ತಿದ್ದದ್ದು ಎಲಿಪ್ಸಾಯ್ಡ್ ಎತ್ತರ, ಐಫೋನ್ ಕೊಡುವುದು ಸಮುದ್ರ ಮಟ್ಟದ ಎತ್ತರ. ಮದ್ದೂರು ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಬರೆದ ಎತ್ತರಕ್ಕೂ ನಿಮ್ಮ ಫೋನಿಗೂ ತಾಳೆಯಾಗದಿದ್ದರೆ ಫೋನ್ ಕೆಟ್ಟಿಲ್ಲ, ಫಲಕವೂ ತಪ್ಪಿಲ್ಲ. ಸೊನ್ನೆ ಬೇರೆ.

ನಮ್ಮ ಕಡೆ ಜಿಯಾಯ್ಡ್ ಇಷ್ಟು ತಗ್ಗಿರುವುದಕ್ಕೆ ಕಾರಣ ದಕ್ಷಿಣದ ಹಿಂದೂ ಮಹಾಸಾಗರದಲ್ಲಿದೆ. ಶ್ರೀಲಂಕಾದ ದಕ್ಷಿಣಕ್ಕೆ ಜಿಯಾಯ್ಡ್ ಸುಮಾರು 106 ಮೀಟರ್‌ವರೆಗೆ ಕುಸಿದಿದೆ. ಭೂಮಿಯ ಮೇಲೆ ಇಷ್ಟು ಆಳದ ಗುರುತ್ವದ ತಗ್ಗು ಇನ್ನೆಲ್ಲೂ ಇಲ್ಲ. 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ ಹದಿನಾಲ್ಕು ಕೋಟಿ ವರ್ಷಗಳ ಭೂಪದರ ಚಲನೆಯನ್ನು ಕಂಪ್ಯೂಟರಿನಲ್ಲಿ ಮರುರಚಿಸಿ, ಆಫ್ರಿಕಾದ ಅಡಿಯಿಂದ ಮೇಲೇಳುವ ಬಿಸಿಯಾದ, ಹಗುರವಾದ ಶಿಲಾದ್ರವ್ಯ ಈ ತಗ್ಗಿಗೆ ಕಾರಣವೆಂದು ವಾದಿಸಿದರು. ಮಂಡ್ಯದ ಫೋನಿನಲ್ಲಿ ಕಾಣುವ ಎಂಬತ್ತೆಂಟು ಮೀಟರಿನ ಆಸುಪಾಸಿನ ವ್ಯತ್ಯಾಸದ ಬೇರು ಅಷ್ಟು ಆಳದಲ್ಲಿದೆ.

ಚಿಹ್ನೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಎರಡು ಉದಾಹರಣೆಗಳು ಸಾಕು. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ರೈನ್ ನದಿಗೆ ಲಾಫೆನ್‌ಬುರ್ಗ್‌ನಲ್ಲಿ ಸೇತುವೆ ಕಟ್ಟುವಾಗ ಎರಡು ದಡದಿಂದಲೂ ಕೆಲಸ ಶುರುವಾಯಿತು. ಜರ್ಮನಿಯ ಸಮುದ್ರ ಮಟ್ಟ ಉತ್ತರ ಸಮುದ್ರದ್ದು, ಸ್ವಿಟ್ಜರ್ಲೆಂಡಿನದು ಮೆಡಿಟರೇನಿಯನ್‌ದು. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸವಿದೆ ಎಂದು ಎಂಜಿನಿಯರುಗಳಿಗೆ ಗೊತ್ತಿತ್ತು, ತಿದ್ದುಪಡಿಯನ್ನೂ ಹಾಕಿದರು. ಆದರೆ ಕೂಡಿಸಬೇಕಾದ ಕಡೆ ಕಳೆದರು. 2003ರಲ್ಲಿ ತಪ್ಪು ಗೊತ್ತಾದಾಗ ವ್ಯತ್ಯಾಸ 27 ಹೋಗಿ 54 ಸೆಂಟಿಮೀಟರ್ ಆಗಿತ್ತು. ಒಂದು ದಡದ ಕೆಲಸವನ್ನು ತಗ್ಗಿಸಬೇಕಾಯಿತು. ಇನ್ನೊಂದು, ಸೌರಮಾರುತದ ಕಣಗಳನ್ನು ಹಿಡಿದು ತಂದ ನಾಸಾದ ಜೆನೆಸಿಸ್ ನೌಕೆ. 2004ರ ಸೆಪ್ಟೆಂಬರ್ 8ರಂದು ಅದು ಭೂಮಿಗೆ ಮರಳುವಾಗ ವೇಗ ಕುಗ್ಗುವುದನ್ನು ಅರಿತು ಪ್ಯಾರಾಚೂಟ್ ಬಿಡಿಸಬೇಕಾದ ಸಂವೇದಕಗಳು ತಿರುಗುಮುರುಗಾಗಿ ಕೂತಿದ್ದವು. ವಿನ್ಯಾಸದ ನಕ್ಷೆಯಲ್ಲೇ ದಿಕ್ಕು ತಪ್ಪಿತ್ತು. ಪ್ಯಾರಾಚೂಟ್ ಬಿಚ್ಚಲಿಲ್ಲ, ನೌಕೆ ಯೂಟಾದ ಮರುಭೂಮಿಗೆ ಅಪ್ಪಳಿಸಿತು. ಎರಡು ಕಡೆಯೂ ಕೆಲಸ ಮಾಡಿದವರು ನುರಿತವರೇ.

ನಮ್ಮಲ್ಲಿ ಈ ಮಾತಿಗೆ ಈಗ ತುರ್ತು ಬಂದಿದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕ ಇತ್ತು. ಗ್ರಾಮಠಾಣದ ಮನೆಗಳನ್ನು ಡ್ರೋನ್‌ನಿಂದ ಅಳೆಯುತ್ತಿದ್ದಾರೆ. ಸರಪಳಿ ಎಳೆದು ಅಳೆದ ಜಮೀನನ್ನು ಉಪಗ್ರಹದ ನೆರವಿನಿಂದ ಅಳೆಯುವ ಕಾಲ ಬಂದಿದೆ. ಹಳೆಯ ನಕ್ಷೆಗಳು ಎವರೆಸ್ಟ್ ಹೆಸರಿನ ಎಲಿಪ್ಸಾಯ್ಡ್ ಮೇಲೆ, ಹೊಸವು ಡಬ್ಲ್ಯೂಜಿಎಸ್ 84ರ ಮೇಲೆ. ಮೋರಿ, ಕಾಲುವೆ, ಹನಿ ನೀರಾವರಿಯ ಕೊಳವೆಗಳಿಗೆಲ್ಲ ಈಗ ಡ್ರೋನ್ ಮತ್ತು ಜಿಪಿಎಸ್ ಎತ್ತರವೇ ಸುಲಭವಾಗಿ ಸಿಗುತ್ತದೆ. ಒಂದೇ ನಕ್ಷೆಯಲ್ಲಿ ಒಂದು ತುದಿಯ ಎತ್ತರ ಸಮುದ್ರ ಮಟ್ಟದ್ದಾಗಿ, ಇನ್ನೊಂದು ತುದಿಯದು ಎಲಿಪ್ಸಾಯ್ಡ್‌ದಾಗಿ ಸೇರಿಕೊಂಡರೆ ಕಾಗದದಲ್ಲಿ ನೀರು ಏರುಮುಖವಾಗಿ ಹರಿದೀತು, ಹೊಲದಲ್ಲಿ ಹರಿಯುವುದಿಲ್ಲ.

ವಿಜ್ಞಾನದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮಕ್ಕಳಿಗೆ 9.8 ಎಂದು ಬರೆಸುವ ಮೊದಲು ಕಪ್ಪುಹಲಗೆಯ ಮೂಲೆಯಲ್ಲಿ ಮೂರು ಬಾಣ ಎಳೆದು ಇದು ಮೇಲೆ, ಇದು ಧನ ಎಂದು ಗುರುತು ಹಾಕಿ. ಮೇಲಕ್ಕೆ ಎಸೆದ ಚೆಂಡಿನ ಲೆಕ್ಕದಲ್ಲಿ ಮೈನಸ್ ಯಾಕೆ, ಬಾವಿಗೆ ಬಿದ್ದ ಕಲ್ಲಿನ ಲೆಕ್ಕದಲ್ಲಿ ಪ್ಲಸ್ ಯಾಕೆ ಎಂದು ಮಗು ಆಮೇಲೆ ಕಣ್ಣೀರು ಹಾಕುವುದು ತಪ್ಪುತ್ತದೆ. ಜಮೀನು, ನಿವೇಶನ, ಕಾಲುವೆ, ಕೊಳವೆ ಯಾವುದಕ್ಕೇ ಡಿಜಿಟಲ್ ಸರ್ವೆ ಮಾಡಿಸುವ ರೈತರಿಗೂ ಮನೆ ಕಟ್ಟುವವರಿಗೂ ಒಂದು ಮಾತು: ನಕ್ಷೆ ಕೈಗೆ ಬಂದಾಗ ಹಣ ಕೊಡುವ ಮುಂಚೆ, ಎತ್ತರದ ಸೊನ್ನೆ ಯಾವುದು, ಅಕ್ಷಗಳ ಕ್ರಮ ಯಾವುದು, ಎಲಿಪ್ಸಾಯ್ಡ್ ಯಾವುದು ಎಂಬ ಮೂರನ್ನೂ ಹಾಳೆಯ ಮೇಲೆಯೇ ಬರೆಸಿಕೊಳ್ಳಿ. ಬರೆಯಲು ಎರಡು ಸಾಲು ಸಾಕು, ಕೇಳುವ ಹಕ್ಕು ನಿಮಗಿದೆ.